ಮರಳಿಸದ ಕ್ಯಾಸೆಟ್ಟು

ಸಿದ್ಧಾರ್ಥನಗರದ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ, ನನ್ನ ಹಳೆಯ ಪಾಠಟಿಪ್ಪಣಿಗಳ ನಡುವೆ, ಒಂದು ಕ್ಯಾಸೆಟ್ಟಿದೆ. ಅದು ನನ್ನದಲ್ಲ. 1987ರಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬನಿಂದ ಕಿತ್ತುಕೊಂಡದ್ದು. ಪರೀಕ್ಷೆ ಮುಗಿದ ಮೇಲೆ ಕೊಡುವೆನೆಂದಿದ್ದೆ, ಕೊಡಲಿಲ್ಲ.

ಇಂಗ್ಲೆಂಡಿನ ಐರನ್ ಮೇಡನ್ ಎಂಬ ರಾಕ್ ತಂಡದ 'ಲೈವ್ ಆಫ್ಟರ್ ಡೆತ್' ಅದು. ಮಿಂಚಿನ ಬೆಳಕಿನಲ್ಲಿ ಗೋರಿಯನ್ನು ಸೀಳಿಕೊಂಡು ಮೇಲೇಳುತ್ತಿರುವ ವಿಕಾರ ಶವವೊಂದರ ಚಿತ್ರ ಹೊದಿಕೆಯ ಮೇಲಿದೆ. ಅದನ್ನು ನೋಡಿದೊಡನೆಯೇ ನಾನು ತೀರ್ಪು ಕೊಟ್ಟುಬಿಟ್ಟೆ. ವಿದೇಶದಿಂದ ಚಿಕ್ಕಪ್ಪ ತಂದದ್ದೆಂದು ಹುಡುಗ ಗೋಗರೆದ. ಬಳಿಕ ಮೆಲ್ಲನೆ, "ಸಾರ್, ಇದರೊಳಗೆ ನಿಮ್ಮ ಹಡಗಿನ ಮುದುಕನಿದ್ದಾನೆ" ಎಂದ.

ಪಠ್ಯದಲ್ಲಿ ಇಲ್ಲದಿದ್ದರೂ ಕೋಲ್‌ರಿಜ್ ಕವಿಯ ಮುದಿನಾವಿಕನ ಕಥೆಯನ್ನು ನಾನು ಪ್ರತಿವರ್ಷವೂ ತರಗತಿಯಲ್ಲಿ ಹೇಳುತ್ತಿದ್ದೆ. 1798ರಲ್ಲಿ ಅಚ್ಚಾದ ಕವನ; ನಿರಪರಾಧಿಯಾದ ಆಲ್ಬಟ್ರಾಸ್ ಹಕ್ಕಿಯನ್ನು ಕೊಂದು ನಾವಿಕನೊಬ್ಬ ಶಾಪಗ್ರಸ್ತನಾಗುವ ಕಥೆ. ಹುಡುಗ ನನ್ನನ್ನು ಹಾಸ್ಯ ಮಾಡುತ್ತಿದ್ದಾನೆಂದೇ ಭಾವಿಸಿ ಬಾಗಿಲಾಚೆ ನಿಲ್ಲಿಸಿದೆ. ಅಲ್ಲಿಂದ ಮುಂದೆ ಅವನು ನನ್ನ ತರಗತಿಯಲ್ಲಿ ಒಮ್ಮೆಯೂ ಕೈಯೆತ್ತಲಿಲ್ಲ. ಅದುವರೆಗೆ ಮೊದಲು ಏಳುತ್ತಿದ್ದ ಕೈ ಅವನದೇ.

2007ರ ಮಾರ್ಚ್ 17ರಂದು ಅದೇ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. ಪತ್ರಿಕೆಯಲ್ಲಿ ಹೆಸರನ್ನು ಕಂಡಾಗ ಕ್ಯಾಸೆಟ್ಟಿನ ನೆನಪಾಯಿತು. ಹುಡುಕಿ ತೆಗೆದೆ; ಟೇಪ್ ರೆಕಾರ್ಡರು ಕೆಟ್ಟಿತ್ತು. ಅಲ್ಲಿಗೇ ಬಿಟ್ಟೆ. ನಿಜ ಹೇಳಬೇಕೆಂದರೆ, ಕೆಟ್ಟಿದ್ದದ್ದು ನನಗೆ ಅನುಕೂಲವೇ ಆಗಿತ್ತು.

ಕೊನೆಗೆ ಕೇಳಿಸಿದವನು ಮೊಮ್ಮಗ, ತನ್ನ ಮೊಬೈಲಿನಲ್ಲಿ. 1985ರಲ್ಲಿ ಹೊರಬಂದ ಈ ಧ್ವನಿಮುದ್ರಣದ ಬಹುಪಾಲು ಅದೇ ವರ್ಷದ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಅರೀನಾದಲ್ಲಿ ನಡೆದ ಕಛೇರಿಗಳದು. ಉಳಿದದ್ದು ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್ನಿನದು. ಆರಂಭದಲ್ಲಿ ಚರ್ಚಿಲ್‌ನ 1940ರ ಭಾಷಣದ ತುಣುಕು, ಹಿಂದೆಯೇ ಗಿಟಾರುಗಳ ಆರ್ಭಟ. ಮೊದಲ ಕೆಲವು ಹಾಡುಗಳನ್ನು ನಾನು ಸಹಿಸಿಕೊಂಡೆ, ಅಷ್ಟೆ.

ಆಮೇಲೆ ನಾವಿಕ ಬಂದ. 13 ನಿಮಿಷ ಮೀರಿದ ಹಾಡು. ಕಟ್ಟಿದವನು ತಂಡದ ಬಾಸ್ ಗಿಟಾರ್ ವಾದಕ ಸ್ಟೀವ್ ಹ್ಯಾರಿಸ್. ಗಾಯಕ ಬ್ರೂಸ್ ಡಿಕಿನ್ಸನ್ ಹಾಡಿಗೆ ಮುನ್ನ, ಹಕ್ಕಿಯೊಂದು ಮೈಮೇಲೆ ಹಿಕ್ಕೆ ಹಾಕಿದರೆ ಏನು ಮಾಡಬಾರದೆಂಬುದೇ ಈ ಕಥೆಯ ನೀತಿಯೆಂದು ಒರಟಾಗಿ ವಿನೋದ ಮಾಡುತ್ತಾನೆ. ನಾನು ಗಂಭೀರವಾಗಿ ಬೋಧಿಸುತ್ತಿದ್ದ ನೀತಿಗಿಂತ ಇದೇ ಹುಡುಗರಿಗೆ ಹೆಚ್ಚು ನೆನಪಿದ್ದೀತು! ಕುದುರೆಯೋಟದಂತೆ ಸಾಗಿದ ಲಯ ನಡುವೆ ತಟ್ಟನೆ ಅಡಗುತ್ತದೆ. ಗಾಳಿಯಿಲ್ಲದೆ ನಿಂತ ಹಡಗಿನಂತೆ ಸಂಗೀತವೂ ನಿಂತುಬಿಡುತ್ತದೆ. ಆ ನಿಶ್ಚಲತೆಯಲ್ಲಿ ಕೋಲ್‌ರಿಜ್ಜನದೇ ಪದ್ಯದ ವಾಚನ. ತರಗತಿಯಲ್ಲಿ ನಾನು ಓದುತ್ತಿದ್ದ ಕವನವೇ ಅದು. ಸಾವಿರಾರು ಜನರ ಎದುರು, ಡ್ರಮ್ಮಿನ ಸದ್ದನ್ನು ಅಡಗಿಸಿ, ಇನ್ನೂರು ವರ್ಷಗಳಷ್ಟು ಹಳೆಯ ಕವನವನ್ನು ಓದುವ ಧೈರ್ಯ ನನಗಿರುತ್ತಿತ್ತೇ?

ಶಿವರಾಂಪೇಟೆಯಲ್ಲಿ ಬಿಡಾರಂ ಕೃಷ್ಣಪ್ಪನವರ ರಾಮಮಂದಿರದ ಕಛೇರಿಗಳಲ್ಲಿ ಬೆಳೆದ ಕಿವಿ ನನ್ನದು. ಪಲ್ಲವಿಯ ನಡುವೆ ಯಾರೋ ಕೆಮ್ಮುವುದು, ಯಾರೋ 'ಭಲೇ' ಎನ್ನುವುದು ಇಲ್ಲದಿದ್ದರೆ ಕಛೇರಿ ಕೇಳಿದಂತಾಗುವುದಿಲ್ಲ. ಈ ಮುದ್ರಣದಲ್ಲೂ ಜನ ಹಾಗೆಯೇ ಇದ್ದಾರೆ. ಅವರ ಕೂಗಿನ ನಡುವೆ ಆ ಹುಡುಗನ ದನಿಯೂ ಇದೆಯೇನೋ ಎಂದು ನನಗನ್ನಿಸಿತು, ಅಸಂಬದ್ಧವೆಂದು ಗೊತ್ತು.

ಹಾಡು ಮುಗಿದಾಗ ಮೊಮ್ಮಗ, "ಹೇಗಿದೆ, ತಾತ?" ಎಂದ. ಇನ್ನೊಮ್ಮೆ ಹಾಕು ಎಂದೆ.

ಹುಡುಗನ ಹೆಸರು ನನಗೆ ಚೆನ್ನಾಗಿ ನೆನಪಿದೆ. ಇಲ್ಲಿ ಬರೆಯುವುದು ಸಲ್ಲದು. ಅವನಿಗೀಗ ಐವತ್ತು ದಾಟಿರಬೇಕು. ಹಳೆಯ ವಿದ್ಯಾರ್ಥಿಗಳು ಯಾರು ಸಿಕ್ಕರೂ ವಿಚಾರಿಸುತ್ತೇನೆ. ಕ್ಯಾಸೆಟ್ಟಿನ ಧೂಳನ್ನು ಒರೆಸಿಟ್ಟಿದ್ದೇನೆ.