ಮನೆಗೆ ಬೆಲೆ ಕಟ್ಟುವವರು

ತುಂಬಾ ದಿನ ಆಯ್ತು ಇಲ್ಲಿ ಬರೆದು. ಊರಲ್ಲಿ ಮನೆ ಹಿಸ್ಸೆ ನಡೀತಿತ್ತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲಲ್ಲಿ ತಾತ ಕಟ್ಟಿಸಿದ ಹೆಂಚಿನ ಮನೆ. ಚಿಕ್ಕಪ್ಪನ ಅರ್ಧ ಪಾಲನ್ನು ಅಪ್ಪ ದುಡ್ಡು ಕೊಟ್ಟು ಉಳಿಸಿಕೊಳ್ಳೋದು ಅಂತ ತೀರ್ಮಾನ. ಆದ್ರೆ ಎಷ್ಟು ದುಡ್ಡು?

"ಬೆಟ್ಟ ಕಾಣ್ತದ, ರೆಸಾರ್ಟ್ ರೇಟು" ಅಂದ್ರು ಚಿಕ್ಕಪ್ಪ. ನಾನು ಸರ್ಕಾರದ ಮಾರ್ಗಸೂಚಿ ದರ ಹಿಡ್ಕೊಂಡು ಕೂತೆ. ಅದು ಮುದ್ರಾಂಕ ಶುಲ್ಕದ ಲೆಕ್ಕಕ್ಕೆ, ಮಾರುಕಟ್ಟೆ ಬೆಲೆ ಅಲ್ಲ ಅಂತ ಆಮೇಲೆ ಗೊತ್ತಾಯ್ತು.

ಸರಿ, ವ್ಯಾಲ್ಯುಯರ್ ಹುಡುಕಾಟ ಶುರು. ಮೊದಲನೆಯವರು ಫೋನಲ್ಲೇ "ಎಷ್ಟಕ್ಕೆ ಬರೀಬೇಕು ಸಾರ್?" ಅಂದ್ರು! ನಿಜ ಹೇಳ್ತೀನಿ, ಒಂದು ಕ್ಷಣ ಆಸೆ ಆಯ್ತು. ಪಕ್ಕದಲ್ಲೇ ಇದ್ದ ಅಪ್ಪ, "ತಮ್ಮನ ಪಾಲ ಕಮ್ಮಿ ಮಾಡ್ಬುಟ್ಟು ಆ ಮನಲಿ ನಿದ್ದ ಬತ್ತದಾ ಮಗ?" ಅಂದ್ರು. ಫೋನ್ ಇಟ್ಟೆ.

ಎರಡನೆಯವರು ಸಿಕ್ಕಿದ್ದು ಐಬಿಬಿಐ ತಾಣದ ನೋಂದಾಯಿತ ಮೌಲ್ಯಮಾಪಕರ ಪಟ್ಟಿಯಲ್ಲಿ, 'ಭೂಮಿ ಮತ್ತು ಕಟ್ಟಡ' ವಿಭಾಗದಲ್ಲಿ. ಫೀಸು ಮೊದಲೇ ಹೇಳಿದ್ರು, ಬೆಲೆ ಎಷ್ಟೇ ಬಂದ್ರೂ ಅಷ್ಟೇ. ಇ-ಸ್ವತ್ತಿನ ನಮೂನೆ 9, 11 ಕೇಳಿದ್ರು. ಟೇಪ್ ಹಿಡಿದು ಅಳೆದ್ರು, ತೊಲೆ ಬಡಿದು ನೋಡಿದ್ರು, ಹಂಗಳದ ಕಡೆ ಈಚೆಗೆ ನೋಂದಣಿಯಾದ ಕ್ರಯಪತ್ರಗಳನ್ನ ವಿಚಾರಿಸಿದ್ರು. ರೆಸಾರ್ಟ್ ಮಾತು ಬಂದಾಗ, "2012ರಿಂದ ಬಂಡೀಪುರದ ಸುತ್ತ ಪರಿಸರ ಸೂಕ್ಷ್ಮ ವಲಯ ಇದೆ, ಕಟ್ಟೋದು ಅಷ್ಟು ಸುಲಭ ಅಲ್ಲ" ಅಂದ್ರು.

ಬಂದ ಮೊತ್ತ ನನ್ನ ಲೆಕ್ಕಕ್ಕಿಂತ ಜಾಸ್ತಿ, ಚಿಕ್ಕಪ್ಪನ ಲೆಕ್ಕಕ್ಕಿಂತ ಕಮ್ಮಿ. ನನ್ನ ಮುಖಾನೂ ಸಪ್ಪಗಾಯ್ತು, ಅವರದೂ. ಆದ್ರೆ ಆ ರಾತ್ರಿ ಎಲ್ಲರೂ ಒಟ್ಟಿಗೇ ಊಟಕ್ಕೆ ಕೂತ್ವಿ.

(ಸಾಲ ತಗೊಳ್ಳೋರು ಮಾತ್ರ ಮೊದಲು ಬ್ಯಾಂಕಿನ ಪ್ಯಾನೆಲ್‌ನಲ್ಲಿ ಯಾರಿದ್ದಾರೆ ಕೇಳ್ಕೊಳ್ಳಿ.) ನಿಮ್ಮೂರಲ್ಲಿ ಹೇಗೆ?