ಒಂದು ಜೊತೆ ಪೆಟ್ಟಿಗೆಗಾಗಿ ನಾಲ್ಕು ಊರು

ಚಿತ್ರದುರ್ಗದ ಬೆಟ್ಟವನ್ನು ಹತ್ತಿದವರು ಹಿಡಿಂಬೇಶ್ವರನ ಗುಡಿಯಲ್ಲಿ ಭೀಮನ ಭೇರಿಯೆಂದು ಹೆಸರಾದ ವಸ್ತುವೊಂದನ್ನು ಕಂಡಿರಬಹುದು. ಕಬ್ಬಿಣದ ತಗಡುಗಳಿಂದ ಮಾಡಿದ, ಸುಮಾರು 6 ಅಡಿ ಎತ್ತರದ, 10 ಅಡಿ ಸುತ್ತಳತೆಯ ಉರುಳೆ ಅದು. ಊರಿಗೆ ಬಂದ ನೆಂಟರನ್ನು ಕೋಟೆಗೆ ಕರೆದೊಯ್ಯುವ ಕೆಲಸ ನಮ್ಮ ಮನೆಯಲ್ಲಿ ನನ್ನ ಪಾಲಿನದಾದುದರಿಂದ ಅದನ್ನು ನಾನು ನೋಡಿದ ಸಲಗಳಿಗೆ ಲೆಕ್ಕವಿಲ್ಲ. ನೋಡಿದಾಗಲೆಲ್ಲ, ದೊಡ್ಡ ಸದ್ದಿನ ಮೇಲೆ ನಮ್ಮ ದುರ್ಗದವರಿಗಿರುವ ಮೋಹ ಇಂದು ನಿನ್ನೆಯದಲ್ಲವೆಂದು ನಗು ಬರುತ್ತದೆ.

ಆ ಮೋಹಕ್ಕೆ ಎರಡು ವರ್ಷದ ಹಿಂದೆ ನಾನೂ ಒಳಗಾದೆ. ದೂರದ ಪಟ್ಟಣವೊಂದರ ಅಂಗಡಿಯಲ್ಲಿ ಮಾರಾಟದ ಹುಡುಗನು ಸಿನಿಮಾ ಹಾಡೊಂದನ್ನು ಹಾಕಿ, ಕಾಲಡಿಯ ನೆಲ ನಡುಗುವಂತೆ ಮಾಡಿ, ನನ್ನ ಮುಖವನ್ನು ನೋಡಿದನು. ಎಂ.ಎ. ಓದಿದವನಾದರೇನು, ನಡುಗುವ ನೆಲದ ಮೇಲೆ ವಿವೇಕ ನಿಲ್ಲುವುದಿಲ್ಲ. ಸೊಂಟದೆತ್ತರದ ಆ ಜೋಡಿ ಪೆಟ್ಟಿಗೆಗಳು ಕೋಟೆಯ ಬುಡದಲ್ಲಿರುವ ನಮ್ಮ ಮನೆಗೆ ಬಂದುವು. ಕಲ್ಲುಗೋಡೆ, ಕೆಂಪು ಗಾರೆಯ ನೆಲ, 10 ಅಡಿಗೆ 14 ಅಡಿಯ ನಡುಮನೆ. ಅಲ್ಲಿ ಅವು ಮಾಡಿದ ಗದ್ದಲವನ್ನು ನಮ್ಮ ತಾಯಿಯವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು:

“ಢಂ ಢಂ ಅನ್ನೋದು ಕೇಳುತ್ತೆ ಕಣಪ್ಪ, ನಮ್ಮಮ್ಮನ ಮಾತು ಕೇಳಲ್ಲ.”

ನಮ್ಮಮ್ಮ ಎಂದರೆ ನನ್ನ ಅಜ್ಜಿ. 1984ರಲ್ಲಿ ಹಿರಿಯೂರಿನ ಸೋದರಮಾವನವರು ಹೊಸದಾಗಿ ಟೇಪ್‌ರೆಕಾರ್ಡರು ಕೊಂಡಾಗ ಅಜ್ಜಿಯನ್ನು ಕೂರಿಸಿ ಹಾಡಿಸಿದ ಒಂದು ಕ್ಯಾಸೆಟ್ಟು ನಮ್ಮ ವಂಶದಲ್ಲಿದೆ. ಅಜ್ಜಿ ತೀರಿಹೋದಮೇಲೆ ಅದರ ನಕಲು, ನಕಲಿನ ನಕಲು ಎಲ್ಲರ ಮನೆಗೂ ಹಂಚಿಕೆಯಾಯಿತು. ಅದರಲ್ಲಿ, ತವರಿನಿಂದ ಹಾರುವ ಗಿಳಿಗೆ ಮೊದಲು ಯಾವ ಮಗಳ ಮನೆಯ ಸೂರಿನ ಮೇಲೆ ಕೂರಬೇಕೆಂದು ಹೇಳುವ ನುಡಿಯೊಂದುಂಟು. ಇಂತಹ ಪದಗಳಲ್ಲಿ ಮನೆಯವರ ಹೆಸರನ್ನು ಸೇರಿಸಿ ಹಾಡುವುದು ವಾಡಿಕೆ, ಅಜ್ಜಿಯೂ ಸೇರಿಸಿದ್ದಾಳೆ. ಆಕೆಗಿದ್ದ ಹೆಣ್ಣುಮಕ್ಕಳು ಇಬ್ಬರು. ಹಿರಿಯಳು ಗೀತಮ್ಮ, ಕಿರಿಯಳು ಸೀತಮ್ಮ. ಕಿರಿಯಳೇ ನನ್ನ ತಾಯಿ. ಗಿಳಿ ಹೋದುದು ಗೀತೆಯ ಮನೆಗೋ ಸೀತೆಯ ಮನೆಗೋ? ಗೀತೆಯ ಮನೆಗೆಂದು ಮಾವನವರ ತೀರ್ಪು. ದೊಡ್ಡಮ್ಮ ಈಗಿಲ್ಲ. ತಾಯಿಯವರು ಈ ಬಗ್ಗೆ ಎಂದೂ ವಾದಿಸಿದವರಲ್ಲ. ವರ್ಷಕ್ಕೆರಡು ಸಲ ಆ ಕ್ಯಾಸೆಟ್ಟನ್ನು ಹಾಕೆನ್ನುತ್ತಿದ್ದರು, ಅಷ್ಟೆ.

ವಾಚಕರು ಇದನ್ನು ಸಣ್ಣ ಸಂಗತಿಯೆಂದು ತಿಳಿಯಬಾರದು. ‘ಗೀ’ ಮತ್ತು ‘ಸೀ’ಗಳ ನಡುವಣ ವ್ಯತ್ಯಾಸವೆಲ್ಲ ಮೊದಲ ವ್ಯಂಜನದಲ್ಲಿದೆ. ಸಕಾರದ ಸೀಟಿಯಂತಹ ಸದ್ದು ಬಹುಮಟ್ಟಿಗೆ ಸೆಕೆಂಡಿಗೆ 4,000 ಕಂಪನಗಳಿಗಿಂತ ಮೇಲೆ ಇರುತ್ತದೆ. ಕ್ಯಾಸೆಟ್ಟಿನ ನಕಲು ಇಳಿಸುವಾಗ ಮೊದಲು ಸವೆಯುವುದು ಆ ಮೇಲಿನ ಸ್ವರಗಳೇ. ವಯಸ್ಸಾದಂತೆ ಕಿವಿ ಕಳೆದುಕೊಳ್ಳುವುದೂ ಅವನ್ನೇ. ಅಗ್ಗದ ಪೆಟ್ಟಿಗೆ ಒರಟು ಮಾಡುವುದೂ ಅವನ್ನೇ. ನಾನು ದುಡ್ಡು ಕೊಟ್ಟು ತಂದುದಾದರೋ ಬರಿಯ ಕೆಳಗಿನ ಸದ್ದನ್ನು! ಹೀಗಾಗಿ ಬೇಸಿಗೆ ರಜೆಯಲ್ಲಿ, ಹಿರಿಯೂರಿನಿಂದ ಮೂಲ ಕ್ಯಾಸೆಟ್ಟನ್ನು ತರುವುದು, ದಾರಿಯಲ್ಲಿ ಗೆಳೆಯರ ಮನೆಗಳಲ್ಲಿ ಸಣ್ಣ ಪೆಟ್ಟಿಗೆಗಳನ್ನು ಕೇಳುವುದು ಎಂದು ಎರಡು ಕೆಲಸ ಇಟ್ಟುಕೊಂಡು ಸುತ್ತುದಾರಿಯ ಬಸ್ಸು ಹಿಡಿದೆ.

ಮೊದಲು ಹೊಳಲ್ಕೆರೆ. ಇಲ್ಲಿಯ ಬಯಲು ಗಣಪತಿಗೆ ಮುಂದಿನಿಂದ ಕೈಮುಗಿದು ಹೊರಟುಬಿಡುವುದು ಸರಿಯಲ್ಲ. ಹಿಂದಕ್ಕೆ ಸುತ್ತಿಬಂದರೆ ಬೆನ್ನ ಮೇಲೆ ಇಳಿಬಿದ್ದ ಜಡೆ ಕಾಣುತ್ತದೆ. ಎಂ.ಎ. ತರಗತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಗೆಳೆಯರೊಬ್ಬರು ಇಲ್ಲಿ ಮೇಷ್ಟರಾಗಿದ್ದಾರೆ. ಅಡಕೆ ತೋಟವೂ ಉಂಟು, ಸಂಗೀತದ ಹುಚ್ಚೂ ಉಂಟು. ಅವರ ಬೀರುವಿನಲ್ಲಿ ಪುಸ್ತಕಗಳ ನಡುವೆ ಒಂದಡಿ ಎತ್ತರದ ಎರಡು ಪೆಟ್ಟಿಗೆಗಳು ಕುಳಿತಿದ್ದುವು. ಪಕ್ಕದಲ್ಲಿಯೇ ತ.ರಾ.ಸು. ಅವರ ‘ಹಂಸಗೀತೆ’. ದುರ್ಗದ ಗಾಯಕ ಭೈರವಿ ವೆಂಕಟಸುಬ್ಬಯ್ಯನ ಕಥೆಯಾದ ಅದನ್ನು ಜಿ.ವಿ. ಅಯ್ಯರ್ ಅವರು 1975ರಲ್ಲಿ ಚಿತ್ರವಾಗಿಸಿದಾಗ ಅದರ ಹಾಡುಗಾರಿಕೆಗಾಗಿ ಬಾಲಮುರಳೀಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಗೆಳೆಯರು ಹಾಕಿದುದೂ ಬಾಲಮುರಳಿಯವರನ್ನೇ.

ತಂಬೂರಿಯ ಮಂದ್ರ ಷಡ್ಜ ಗಂಡುಶ್ರುತಿಯಲ್ಲಿ ಸೆಕೆಂಡಿಗೆ 65, 70 ಕಂಪನಗಳಷ್ಟಿರುತ್ತದೆ. ಐದಂಗುಲದ ವೂಫರು ಅದನ್ನು ಪೂರ್ತಿಯಾಗಿ ನುಡಿಸಲಾರದು. ಆದರೂ ಮಂದ್ರ ನಮಗೆ ಕೇಳುತ್ತದೆ. ಏಕೆಂದರೆ ಅದರ ಮೇಲಿನ ಅನುಸ್ವರಗಳು ಸರಿಯಾಗಿ ಬಂದರೆ ಕೆಳಗಿನದನ್ನು ನಮ್ಮ ಮನಸ್ಸೇ ತುಂಬಿಕೊಳ್ಳುತ್ತದೆ. ದೊಡ್ಡ ಪೆಟ್ಟಿಗೆಯಿಲ್ಲದೆ ಸಂಗೀತವಿಲ್ಲವೆನ್ನುವ ಅಂಗಡಿಯವರ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಇಂಗ್ಲೆಂಡಿನ ಬಿ.ಬಿ.ಸಿ.ಯವರು 1970ರ ದಶಕದಲ್ಲಿ ಪ್ರಸಾರದ ವ್ಯಾನಿನ ಇಕ್ಕಟ್ಟಿನಲ್ಲಿ ಕುಳಿತು ಕೇಳುವುದಕ್ಕಾಗಿಯೇ ಎಲ್‌ಎಸ್ 3/5ಎ ಎಂಬ, ಒಂದಡಿ ಎತ್ತರದ ಮುಚ್ಚಿದ ಪೆಟ್ಟಿಗೆಯನ್ನು ರೂಪಿಸಿದರು. ಮನುಷ್ಯನ ಮಾತು ಅದರಲ್ಲಿ ಎಷ್ಟು ಸಹಜವಾಗಿತ್ತೆಂದರೆ ಇಂದಿಗೂ ಅದನ್ನು ಹುಡುಕಿ ಕೊಳ್ಳುವವರಿದ್ದಾರೆ. ಒಂದು ಕೊರತೆಯೂ ಅದಕ್ಕಿತ್ತು. ಕೊಟ್ಟ ವಿದ್ಯುತ್ತಿಗೆ ತಕ್ಕಷ್ಟು ಸದ್ದು ಮಾಡುವ ಶಕ್ತಿ, ಎಂದರೆ ಸೆನ್ಸಿಟಿವಿಟಿ, 83 ಡೆಸಿಬೆಲ್ಲಿನ ಸುತ್ತಮುತ್ತ ಮಾತ್ರ. ಈ ಅಂಕಿ ಮೂರು ಇಳಿದರೆ ಆಂಪ್ಲಿಫೈಯರಿನ ಶಕ್ತಿ ಇಮ್ಮಡಿಯಾಗಬೇಕು. ಕೊಳ್ಳುವವರು ವ್ಯಾಟುಗಳನ್ನು ಕೇಳುವ ಮೊದಲು ಇದನ್ನು ಕೇಳಬೇಕು.

ಗೆಳೆಯರ ಪೆಟ್ಟಿಗೆಗಳಲ್ಲಿ ಮಾತು ಸ್ಪಷ್ಟವಾಗಿತ್ತು. ಆದರೆ ಮೃದಂಗದ ಎಡಗಡೆ ಗುಮ್ಮೆನ್ನುತ್ತಿತ್ತು. ಹಿಂಬದಿಯಲ್ಲಿ ಗಾಳಿಯ ಕಿಂಡಿಯಿದ್ದ ಪೆಟ್ಟಿಗೆಯನ್ನು ಬೀರುವಿನ ಹಲಗೆಗೆ ಒತ್ತಿಟ್ಟರೆ ಇನ್ನೇನಾದೀತು? ‘ಬುಕ್‌ಶೆಲ್ಫ್ ಸ್ಪೀಕರು’ ಎಂದು ಹೆಸರಿಟ್ಟವರು ಯಾರೋ, ಅದನ್ನು ನಂಬಿ ಬೀರುವಿಗೆ ತುರುಕಿದವರು ನೂರಾರು ಮಂದಿ. ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆಳೆದು ಸ್ಟೂಲಿನ ಮೇಲಿಟ್ಟೆವು. ಗುಮ್ಮು ಅರ್ಧಕ್ಕರ್ಧ ಇಳಿಯಿತು. “ಕಳೆದ ತಿಂಗಳು ಇನ್ನೂ ಚೆನ್ನಾಗಿತ್ತು ಮಾರಾಯ್ರೆ, ಏನಾಯಿತೋ ಗೊತ್ತಿಲ್ಲ” ಎಂದರು ಗೆಳೆಯರು. ಒಳಗಿನಿಂದ ಅವರ ಮನೆಯವರು, “ಮೂಲೆಯಲ್ಲಿದ್ದ ಅಡಕೆ ಚೀಲ ಮಂಡಿಗೆ ಹೋಯಿತಲ್ಲ!” ಎಂದರು. ನಿಜವಾದ ಮಾತು. ಗೋಣಿಚೀಲಗಳ ರಾಶಿ ಕೋಣೆಯ ಮಾರ್ದನಿಯನ್ನು ನುಂಗುತ್ತಿತ್ತು. ಸಾವಿರಾರು ರೂಪಾಯಿಯ ಯಂತ್ರಕ್ಕಿಂತ ನಾಲ್ಕು ಚೀಲ ಅಡಕೆಗೆ ಸಂಗೀತಜ್ಞಾನ ಹೆಚ್ಚೆಂದು ನಕ್ಕೆವು.

ಮರುದಿನ ಹೊಸದುರ್ಗ. ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿರುವ ನಾಡು. ಪೇಟೆಯಲ್ಲಿ ನಿಲ್ಲದೆ ನೇರವಾಗಿ ಸಾಣೇಹಳ್ಳಿಗೆ ಹೋದೆ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು ಬೆಳೆಸಿದ ರಂಗಭೂಮಿಯ ಊರು ಅದು. ಇಲ್ಲಿಯ ‘ಶಿವಸಂಚಾರ’ ತಂಡ 1997ರಿಂದ ನಾಡಿನ ಊರೂರಿಗೆ ನಾಟಕಗಳನ್ನು ಕೊಂಡೊಯ್ಯುತ್ತಿದೆ. ನಾನು ಹೋದ ದಿನ ನಾಟಕವಿರಲಿಲ್ಲ. ಬಯಲು ರಂಗಮಂದಿರದ ಮೆಟ್ಟಿಲುಗಳು ಬಿಸಿಲಿಗೆ ಕಾದಿದ್ದುವು. ಜೊತೆಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ರಂಗದ ಮೇಲೆ ನಿಲ್ಲಿಸಿ ವಚನವೊಂದನ್ನು ಓದಿಸಿದೆ. ಮೈಕಿಲ್ಲ, ಕೂಗಾಟವಿಲ್ಲ. ಕೆಳಗಿನ ಮೆಟ್ಟಿಲಿನಲ್ಲಿ ಕುಳಿತಾಗ ಶಷಸಗಳು ಒಂದೂ ಕೆಡದೆ ಬಂದುವು. ಮೇಲುಮೇಲಕ್ಕೆ ಹೋದಂತೆ ದನಿ ಸಣ್ಣದಾಯಿತೇ ಹೊರತು ಕಲಸಿಹೋಗಲಿಲ್ಲ. ಸುತ್ತ ಗೋಡೆಯಿಲ್ಲ, ತಲೆಯ ಮೇಲೆ ಸೂರಿಲ್ಲ. ಬಾಯಿಂದ ಹೊರಟ ಮಾತು ನೆಟ್ಟಗೆ ಕಿವಿಗೆ ಬರುತ್ತದೆ, ಗೋಡೆಗೆ ತಾಗಿ ತಡವಾಗಿ ಬರುವ ದಾಯಾದಿಗಳು ಅದಕ್ಕಿಲ್ಲ. ನಮ್ಮ ನಡುಮನೆಯಲ್ಲಿ ಬಯಲನ್ನು ಮಾಡುವುದು ಆಗದು. ಪೆಟ್ಟಿಗೆಯನ್ನು ಕಿವಿಯ ಹತ್ತಿರಕ್ಕೆ ತರುವುದು ಆಗುತ್ತದೆ. ಹತ್ತಿರ ಕುಳಿತಷ್ಟೂ ನೇರ ದನಿಯ ಪಾಲು ಹೆಚ್ಚು, ಮಾರ್ದನಿಯ ಪಾಲು ಕಡಮೆ. ಹತ್ತಿರದಲ್ಲಿ ಕೇಳುವುದಾದರೆ ದೊಡ್ಡ ಪೆಟ್ಟಿಗೆ ಯಾರಿಗೆ ಬೇಕು?

ಹಿರಿಯೂರಿನ ದಾರಿಯಲ್ಲಿ ಮಾರಿಕಣಿವೆಗೆ ಇಳಿದೆ. ಎರಡು ಗುಡ್ಡಗಳ ಸಂದನ್ನು ಮುಚ್ಚಿ ವೇದಾವತಿಗೆ ಕಟ್ಟಿದ ಈ ವಾಣಿವಿಲಾಸ ಸಾಗರದ ಕೆಲಸ 1898ರಲ್ಲಿ ತೊಡಗಿ 1907ರಲ್ಲಿ ಮುಗಿಯಿತು. 1933ರಲ್ಲಿ ತುಂಬಿ ಕೋಡಿ ಹರಿದ ಜಲಾಶಯ ಮತ್ತೆ ಕೋಡಿ ಹರಿದುದು 89 ವರ್ಷಗಳ ಮೇಲೆ, 2022ರಲ್ಲಿ. ಮೊದಲನೆಯದನ್ನು ಅಜ್ಜಿ ತನ್ನ ತಾಯಿಯ ಕಂಕುಳಲ್ಲಿ ಕುಳಿತು ನೋಡಿದಳಂತೆ. ಎರಡನೆಯದಕ್ಕೆ ತಾಯಿಯವರನ್ನು ನಾನೇ ಕರೆತಂದಿದ್ದೆ. ಜನವೆಲ್ಲ ಹುಯ್ಯಲಿಡುತ್ತಿರುವಾಗ ಅವರು ಹರಿಯುವ ನೀರನ್ನು ಬಹಳ ಹೊತ್ತು ನೋಡಿ, “ಇಷ್ಟೊಂದು ನೀರು ಹೋಗ್ತಾ ಇದೆ, ಸದ್ದು ಇಷ್ಟೇನಾ?” ಎಂದು ಕೇಳಿದರು. ಅವರ ಕಿವಿ ಮಂದವಾಗುತ್ತಿರುವುದು ನನಗೆ ತಿಳಿದುದು ಅಂದು. ವೈದ್ಯರು ಪರೀಕ್ಷೆ ಮಾಡಿ, ಮೇಲಿನ ಸ್ವರಗಳು ವರ್ಷ ವರ್ಷಕ್ಕೆ ಇನ್ನಷ್ಟು ಇಳಿಯಬಹುದೆಂದರು. ಈ ಪ್ರಯಾಣವನ್ನು ಮುಂದಿನ ರಜೆಗೆ ಹಾಕದಿರಲು ಕಾರಣ ಅದೇ.

ಹಿರಿಯೂರಿನಲ್ಲಿ ತೇರುಮಲ್ಲೇಶ್ವರನ ದರ್ಶನವಾಗುವ ಮೊದಲೇ ಮಾವನವರ ದರ್ಶನವಾಯಿತು. “ಬಾರಪ್ಪ ಅಳಿಯ, ನಿಮ್ಮಮ್ಮನ ಕಡೆ ವಕೀಲನಾಗಿ ಬಂದೆಯೇನು?” ಎಂದು ಸ್ವಾಗತ. ಅವರ ಹಳೆಯ ಯಂತ್ರದಲ್ಲಿ ಮೂಲ ಕ್ಯಾಸೆಟ್ಟನ್ನು ಕೇಳಿದೆವು. ಅಜ್ಜಿಯ ದನಿ ನಮ್ಮ ನಕಲಿಗಿಂತ ಎಷ್ಟೋ ತಿಳಿಯಾಗಿತ್ತು. ಹಿಂದೆ ಯಾರೋ ಲೋಟವಿಟ್ಟ ಸದ್ದು ಕೂಡ ಕೇಳಿಸಿತು. ಗಿಳಿಯ ನುಡಿ ಬಂದಾಗ ಮಾವನವರು, “ನೋಡಿದೆಯಾ, ಗೀತ!” ಎಂದರು. ನನಗೆ ಎರಡೂ ಕೇಳಿದಂತಾಯಿತು. ಕ್ಯಾಸೆಟ್ಟನ್ನು ಪೇಟೆಯಲ್ಲಿ ಕಂಪ್ಯೂಟರಿಗೆ ಇಳಿಸಿಕೊಂಡು, ಮೂಲವನ್ನು ಅವರ ಬೀರುವಿಗೆ ಹಿಂದಿರುಗಿಸಿ, ಹೆದ್ದಾರಿಯ ಬಸ್ಸಿನಲ್ಲಿ ದುರ್ಗಕ್ಕೆ ಮರಳಿದೆ.

ಪೆಟ್ಟಿಗೆಗಳನ್ನು ಕೊಂಡುದು ಬೆಂಗಳೂರಿನಲ್ಲಿ. ಈ ಸಲ ಅಂಗಡಿಯವನ ಹಾಡನ್ನು ಕೇಳಲಿಲ್ಲ. ಅಜ್ಜಿಯ ಪದವನ್ನೂ, ಆಕಾಶವಾಣಿಯ ವಾರ್ತೆಯೊಂದನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಮಾತು ಸರಿಯಾಗಿ ಬರುವ ಪೆಟ್ಟಿಗೆಯಲ್ಲಿ ಉಳಿದುದೂ ಹೆಚ್ಚುಕಡಮೆ ಸರಿಯಾಗಿಯೇ ಬರುತ್ತದೆ. ಐದಂಗುಲದ ವೂಫರು, ಮೆತ್ತನೆಯ ಬಟ್ಟೆಯ ಗುಮ್ಮಟದ ಟ್ವೀಟರು, ಗಾಳಿಕಿಂಡಿ ಮುಂಬದಿಗೆ, 87 ಡೆಸಿಬೆಲ್. ಪುಟ್ಟ ಆಂಪ್ಲಿಫೈಯರೂ ಸೇರಿ 21,000 ರೂಪಾಯಿ. ಹಳೆಯ ದೈತ್ಯರನ್ನು ಮಾರಿದಾಗ ಬಂದುದು ಅದರ ಕಾಲುಭಾಗವೂ ಅಲ್ಲ. ಆ ಮಾತು ಬೇಡ.

ಎರಡು ಮರದ ಸ್ಟೂಲುಗಳನ್ನು, ಟ್ವೀಟರು ತಾಯಿಯವರ ಕಿವಿಯ ಎತ್ತರಕ್ಕೆ ಬರುವಂತೆ ಬಡಗಿಯಿಂದ ಮಾಡಿಸಿದೆ. ಪೆಟ್ಟಿಗೆಗಳ ನಡುವೆ ಐದಡಿ, ಅವರ ಕುರ್ಚಿಗೂ ಐದಡಿ. ನೆಲಕ್ಕೆ ಜಮಖಾನ, ಹಿಂದಿನ ಕಲ್ಲುಗೋಡೆಗೆ ಚಳ್ಳಕೆರೆಯ ಎರಡು ಕಂಬಳಿ. ಗೋಡೆಗೆ ಕಂಬಳಿ ಹೊದಿಸಿದ ನನ್ನನ್ನು ನೋಡಿ ಮನೆಯವಳು ನಕ್ಕದ್ದೇ ನಕ್ಕದ್ದು.

ಭಾನುವಾರ ಸಂಜೆ ಅಜ್ಜಿಯನ್ನು ಹಾಡಿಸಿದೆ. ಟ್ರೆಬಲ್ಲಿನ ತಿರುಪನ್ನು ಸ್ವಲ್ಪ ಏರಿಸಿದ್ದೆ. ತಾಯಿಯವರು ಕಣ್ಣು ಮುಚ್ಚಿ ಕುಳಿತಿದ್ದರು. ಲೋಟದ ಸದ್ದಿಗೆ ಒಮ್ಮೆ ಕಣ್ಣು ತೆರೆದರು. ಗಿಳಿ ಬಂದಿತು, ಹೆಸರು ಬಂದಿತು, ನುಡಿ ಮುಗಿಯಿತು. ನಾನೂ ನನ್ನ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಸಕಾರ ನಮಗೆ ಸ್ಪಷ್ಟವಾಗಿ ಕೇಳಿತ್ತು.

“ಇನ್ನೊಂದ್ಸಲ ಹಾಕು” ಎಂದರು. ಹಾಕಿದೆ. ಮೂರನೆಯ ಸಲವೂ ಹಾಕಿದೆ. ಆಮೇಲೆ ಅವರು ಸೆರಗಿನಿಂದ ಮುಖವನ್ನೊರಸಿಕೊಂಡು, “ಸೀತ ಅಂತಾಳೆ ಕಣಪ್ಪ” ಎಂದಷ್ಟೇ ಹೇಳಿ ದೀಪ ಹಚ್ಚಲು ಒಳಗೆ ಹೋದರು.

ಆ ರಾತ್ರಿಯೇ ಮಾವನವರಿಗೆ ಫೋನು ಮಾಡಿದೆ. ಫೋನಿನಲ್ಲಿಯೇ ಹಾಡನ್ನು ಕೇಳಿಸಿದರೆ ಅವರು ಒಪ್ಪಲಿಲ್ಲ. “ಇದರಲ್ಲಿ ಏನು ಕೇಳುತ್ತಯ್ಯ? ಆ ಪೆಟ್ಟಿಗೇನ ಇಲ್ಲಿಗೆ ತಗೊಂಡು ಬಾ, ನೋಡೋಣ” ಎಂದರು. ಪೆಟ್ಟಿಗೆಗಳು ಸಣ್ಣವು, ಒಂದು ಜೊತೆ ಬಸ್ಸಿನಲ್ಲಿ ತೊಡೆಯ ಮೇಲೆ ಹಿಡಿಸುತ್ತದೆ. ಬರುವ ಭಾನುವಾರ ತಾಯಿಯವರೂ ನಾನೂ ಹಿರಿಯೂರಿಗೆ ಹೊರಟಿದ್ದೇವೆ. ಕಂಬಳಿಯನ್ನೂ ಮಡಿಸಿ ಇಟ್ಟುಕೊಂಡಿದ್ದಾರೆ.