ಮೇಲುಕೋಟೆಯ ಪ್ರವಾಸವೂ ಒಬ್ಬ ಮಿತ್ರರ ವಿಶ್ರಾಂತಿವೇತನವೂ

ಮೇಲುಕೋಟೆಯನ್ನು ಕುರಿತು ಬರೆಯುವವರು ವೈರಮುಡಿಯ ಉತ್ಸವದಿಂದ ಆರಂಭಿಸಿ ಪುಳಿಯೋಗರೆಯಲ್ಲಿ ಮುಗಿಸುವುದು ವಾಡಿಕೆ. ಅವೆರಡೂ ವರ್ಣನೆಗೆ ಯೋಗ್ಯವಾದವುಗಳೇ ಸರಿ. ಆದರೆ ಕಳೆದ ಕಾರ್ತಿಕಮಾಸದಲ್ಲಿ ನಾವು ಅಲ್ಲಿಗೆ ಹೋದುದು ಒಬ್ಬ ಬಾಲ್ಯಮಿತ್ರರ ಕಾಗದದ ನಿಮಿತ್ತವಾಗಿ. 1854ರಲ್ಲಿ ಸ್ಥಾಪಿತವಾದ ಅಲ್ಲಿಯ ಸಂಸ್ಕೃತ ಪಾಠಶಾಲೆಯಲ್ಲಿ ಈ ಮಿತ್ರರು ನಮಗಿಂತ ನಾಲ್ಕು ವರ್ಷ ಹಿರಿಯರಾಗಿ ಓದುತ್ತಿದ್ದರು. ಕಾಲಕ್ರಮದಲ್ಲಿ ಶಾಸ್ತ್ರಪಾಠವನ್ನು ಬಿಟ್ಟು ಬೆಂಗಳೂರಿನ ಒಂದು ಖಾಸಗಿ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸವನ್ನು ಹಿಡಿದು, ಐವತ್ತೆಂಟಕ್ಕೆ ನಿವೃತ್ತರಾಗಿ, ಪತ್ನೀಸಮೇತರಾಗಿ ಅಮೆರಿಕದಲ್ಲಿರುವ ಮಗನ ಮನೆಯನ್ನು ಸೇರಿ ಐದು ವರ್ಷಗಳಾಗಿದ್ದುವು. “ಊರಿಗೆ ಬಂದಿದ್ದೇವೆ. ಹಿರಿಯರ ಮನೆಯನ್ನು ಮಾರುವುದೋ ಇಟ್ಟುಕೊಳ್ಳುವುದೋ ನಿಶ್ಚಯವಾಗಬೇಕು. ಕಂಪನಿ ಪೆನ್ಷನ್ನಿನ ಗೊಂದಲವೂ ಒಂದುಂಟು. ಮೇಷ್ಟ್ರು ಬಂದು ಎರಡು ದಿನ ಇದ್ದು ಹೋಗಬೇಕು” ಎಂದು ಬರೆದಿದ್ದರು. ಕಾಗದವನ್ನು ಎರಡು ಸಲ ಓದಿಕೊಂಡು ಹೊರಟೆವು.

ಶ್ರೀರಂಗಪಟ್ಟಣದಲ್ಲಿ ಇಳಿದು, ಅಲ್ಲಿಂದ ಪಾಂಡವಪುರದ ಮಾರ್ಗವಾಗಿ ಹೋಗಬೇಕೆಂಬುದು ನಮ್ಮ ಸಂಕಲ್ಪ. ಕಂಪನಿ ಪೆನ್ಷನ್ನೆಂಬ ಮಾತು ತಲೆಯಲ್ಲಿ ಸುಳಿಯುತ್ತಿದ್ದುದರಿಂದ, ಕೋಟೆಯ ಗೋಡೆಗಳನ್ನು ಕಂಡಾಗ ಹಳೆಯ ಕುಂಪಣಿಯ ನೆನಪಾಯಿತು. ಪರದೇಶದಲ್ಲಿ ಕುಳಿತು ಕಂಪನಿಯ ವಿಶ್ರಾಂತಿವೇತನವನ್ನು ತೆಗೆದುಕೊಳ್ಳುವುದೆಂಬ ಪದ್ಧತಿಗೆ ಈ ಊರಿನಲ್ಲಿಯೇ ಒಂದು ದಾರುಣವಾದ ಪೂರ್ವಚರಿತ್ರೆಯುಂಟು. 1799ರ ಮೇ 4ರಂದು ಟೀಪೂ ಸುಲ್ತಾನನು ಮಡಿದಮೇಲೆ ಈಸ್ಟ್ ಇಂಡಿಯಾ ಕುಂಪಣಿಯವರು ಅವನ ಮಕ್ಕಳಿಗೆ ವರ್ಷಾಶನವನ್ನು ಗೊತ್ತುಮಾಡಿ ಅವರನ್ನು ವೇಲೂರಿನ ಕೋಟೆಗೆ ಕಳುಹಿಸಿದರು. 1806ರ ಜುಲೈ ತಿಂಗಳಲ್ಲಿ ವೇಲೂರಿನ ಸಿಪಾಯಿಗಳು ದಂಗೆಯೆದ್ದುದರಿಂದ ಅಲ್ಲಿಯೂ ಇರಗೊಡದೆ ದೂರದ ಕಲ್ಕತ್ತೆಗೆ ಸಾಗಿಸಿದರು. ಎಳೆಯ ಮಗುವಾಗಿ ಕಾವೇರಿಯನ್ನು ಬಿಟ್ಟುಹೋದ ಗುಲಾಂ ಮಹಮ್ಮದನು ಕಲ್ಕತ್ತೆಯಲ್ಲಿ 1842ರಲ್ಲಿ ತಂದೆಯ ಹೆಸರಿನ ಮಸೀದಿಯನ್ನು ಕಟ್ಟಿಸಿ, 1872ರಲ್ಲಿ ತೀರಿಕೊಂಡನು. ಆ ಹಣ ಹೊಟ್ಟೆಗೆ ಸಾಕಾಗುತ್ತಿದ್ದಿರಬಹುದು. ಊರಿಗೆ ಹಿಂದಿರುಗುವ ಸ್ವಾತಂತ್ರ್ಯ ಮಾತ್ರ ಅದರೊಡನೆ ಬರಲಿಲ್ಲ.

ಇದಕ್ಕೆ ವಿಪರೀತವಾದುದು ಆಂಗ್ಲೇಯರ ಕಥೆ. ಇಲ್ಲಿ ದುಡಿದ ಅಧಿಕಾರಿಗಳು ಇಂಗ್ಲೆಂಡಿಗೆ ಹೋಗಿ ನೆಲಸಿ, ಭಾರತದ ಬೊಕ್ಕಸದಿಂದ ವೇತನವನ್ನು ಪೌಂಡುಗಳಲ್ಲಿ ಪಡೆಯುತ್ತಿದ್ದರು. ಈ ಹೊರೆಯನ್ನು ಎತ್ತಿ ತೋರಿಸಿದವರಲ್ಲಿ ದಾದಾಭಾಯಿ ನವರೋಜಿಯವರು ಮುಖ್ಯರು. ದೇಶದ ಬಡತನವನ್ನು ಕುರಿತ ಅವರ ದೊಡ್ಡ ಗ್ರಂಥ 1901ರಲ್ಲಿ ಹೊರಬಂದಿತು. ಆದರೆ ಆ ಸುಖವೂ ಎಲ್ಲರಿಗೆ ದಕ್ಕಲಿಲ್ಲ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರು ಕೆಲಸವನ್ನು ಬಿಟ್ಟು ಸ್ವದೇಶಕ್ಕೆ ಹೊರಟು, ದಾರಿಯಲ್ಲಿ ಸೂಯೆಜ್ಜಿನಲ್ಲಿಯೇ ಪ್ರಾಣಬಿಟ್ಟರು. ವಿಶ್ರಾಂತಿಯನ್ನು ಮುಂದಕ್ಕೆ ಹಾಕುತ್ತ ಹೋಗುವ ಗೃಹಸ್ಥರು ಇದನ್ನು ನೆನೆಯಬೇಕು.

ಹಿಂದೆ ಫ್ರೆಂಚ್ ರಾಕ್ಸ್ ಎಂದೂ ಹಿರೋಡೆಯೆಂದೂ ಕರೆಯಿಸಿಕೊಳ್ಳುತ್ತಿದ್ದ ಪಾಂಡವಪುರವನ್ನು ದಾಟಿದರೆ ಕಬ್ಬಿನ ಗದ್ದೆಗಳು. ರಾಮಾನುಜಾಚಾರ್ಯರು ಮೇಲುಕೋಟೆಗೆ ಬರುವ ಮುನ್ನ ತಂಗಿದ್ದ ತೊಣ್ಣೂರು ಈ ಸೀಮೆಯಲ್ಲಿಯೇ ಇದೆ. ಜಕ್ಕನಹಳ್ಳಿಯನ್ನು ಕಳೆದು ರಸ್ತೆ ಏರತೊಡಗಿದಂತೆ ಗದ್ದೆಗಳು ಕೆಳಗುಳಿದು, ಬಂಡೆಗಳ ನಡುವೆ ತಣ್ಣನೆಯ ಗಾಳಿ ಬೀಸಲಾರಂಭಿಸುತ್ತದೆ. ಬಲುದೂರದಿಂದಲೇ ಯೋಗಾನರಸಿಂಹನ ಗುಡಿ ಶಿಖರದ ಮೇಲೆ ಕಾಣಿಸುತ್ತದೆ. ಯದುಗಿರಿಯೆಂದೂ ತಿರುನಾರಾಯಣಪುರವೆಂದೂ ಹೆಸರುಳ್ಳ ಊರು ಬಂದಿತೆಂದು ಬಸ್ಸಿನಲ್ಲಿದ್ದ ಮುದುಕಿಯೊಬ್ಬಳು ಕೈಮುಗಿದಳು, ನಾವೂ ಮುಗಿದೆವು.

ಮಿತ್ರರ ಮನೆ ಕಲ್ಯಾಣಿಯ ಸಮೀಪದ ಬೀದಿಯಲ್ಲಿದೆ. ಜಗಲಿ, ನಡುಮನೆ, ಹಿತ್ತಲಲ್ಲಿ ಒಂದು ಬಾವಿ. ಐದು ವರ್ಷ ಬೀಗ ಬಿದ್ದಿದ್ದುದರಿಂದ ತೊಲೆಗಳಿಗೆ ಗೆದ್ದಲು ಹತ್ತಿತ್ತು. ಅವರ ಪತ್ನಿಯವರು ಸಾತ್ತಮುದು ಅನ್ನ ಬಡಿಸುತ್ತ, “ಅಲ್ಲಿಯೂ ಎಲ್ಲಾ ಸಾಮಾನೂ ಸಿಕ್ಕತ್ತೆ ಮೇಷ್ಟ್ರೆ, ಈ ನೀರೊಂದು ಸಿಕ್ಕಲ್ಲ” ಎಂದರು. ಊಟವಾದಮೇಲೆ ಮಿತ್ರರು ಒಂದು ಬಟ್ಟೆಯ ಚೀಲವನ್ನು ತಂದು ಬಿಚ್ಚಿ ತಮ್ಮ ಕಥೆಯನ್ನು ಹೇಳಿದರು.

ಮೊದಲು ತಿಳಿಯಬೇಕಾದುದೇನೆಂದರೆ, ಜನರು ಕಂಪನಿ ಪೆನ್ಷನ್ನೆಂದು ಕರೆಯುವುದನ್ನು ಬಹುಮಟ್ಟಿಗೆ ಕಂಪನಿಯು ಕೊಡುವುದಿಲ್ಲ. 1995ರ ನವೆಂಬರ್ 16ರಿಂದ ಜಾರಿಗೆ ಬಂದ ನೌಕರರ ಪೆನ್ಷನ್ ಯೋಜನೆಯಂತೆ, ಧಣಿಯು ಕಟ್ಟುವ ಭವಿಷ್ಯನಿಧಿಯ ಪಾಲಿನಿಂದ ಸಂಬಳದ ನೂರಕ್ಕೆ 8.33ರಷ್ಟು ಪ್ರತ್ಯೇಕವಾಗಿ ಸೇರುತ್ತದೆ. ಕೇಂದ್ರ ಸರ್ಕಾರವು ಅದಕ್ಕೆ 1.16ನ್ನು ಕೂಡಿಸುತ್ತದೆ. ಹತ್ತು ವರ್ಷ ದುಡಿದವನಿಗೆ ಐವತ್ತೆಂಟರಿಂದ ಭವಿಷ್ಯನಿಧಿ ಸಂಸ್ಥೆಯು ತಿಂಗಳು ತಿಂಗಳು ಕೊಡುತ್ತದೆ. ಲೆಕ್ಕ ಸುಲಭ: ಯೋಜನೆಯು ಒಪ್ಪುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ ಎಪ್ಪತ್ತರಿಂದ ಭಾಗಿಸಬೇಕು. 2014ರ ಸೆಪ್ಟೆಂಬರಿನಲ್ಲಿ ಗೊತ್ತಾದ 15,000 ರೂಪಾಯಿಗಳ ಮಿತಿಗೆ ಮೂವತ್ತೈದು ವರ್ಷಗಳ ಸೇವೆಯನ್ನು ಲೆಕ್ಕ ಹಾಕಿದರೆ ಬರುವುದು 7,500. ಸರ್ಕಾರಿ ಪೆನ್ಷನ್ನಿಗೆ ತುಟ್ಟಿಭತ್ಯವು ಕೂಡಿಕೊಂಡು ಬೆಳೆಯುವಂತೆ ಇದು ಬೆಳೆಯುವುದಿಲ್ಲ. ಮಿತ್ರರಿಗೆ ಬರುತ್ತಿದ್ದುದು ಇದಕ್ಕಿಂತಲೂ ಕಡಿಮೆ. ಡಾಲರಿಗೆ ತಿರುಗಿಸಿದರೆ ಮಗನ ಮನೆಯ ಒಂದು ವಾರದ ತರಕಾರಿಗೂ ಸಾಲದು.

“ಅಪ್ಪಾ, ಆ ಹಣಕ್ಕೋಸ್ಕರ ಯಾಕೆ ಇಷ್ಟು ಒದ್ದಾಡುತ್ತೀಯೆ ಅಂತ ಮಗ ಕೇಳುತ್ತಾನೆ” ಎಂದು ಮಿತ್ರರು ನಕ್ಕರು. ಮಗನು ಒಳ್ಳೆಯವನು; ತಂದೆತಾಯಿಗಳಿಗೆ ಯಾವುದಕ್ಕೂ ಕೊರತೆಮಾಡಿದವನಲ್ಲ. ಆದರೂ ಒದ್ದಾಟವು ಒದ್ದಾಟವೇ. ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂದು ಪೆನ್ಷನ್‌ದಾರನು ಪ್ರಮಾಣಪತ್ರವನ್ನು ಸಲ್ಲಿಸಬೇಕಷ್ಟೆ. ಈ ಯೋಜನೆಯಲ್ಲಿ ಅದು ಸಲ್ಲಿಸಿದ ದಿನದಿಂದ ಒಂದು ವರ್ಷ ನಡೆಯುತ್ತದೆ. ಅಮೆರಿಕದಲ್ಲಿರುವವರಿಗೆ ವಾಷಿಂಗ್ಟನ್ನಿನ ರಾಯಭಾರ ಕಚೇರಿಯ ಅಥವಾ ನ್ಯೂಯಾರ್ಕ್, ಷಿಕಾಗೋ ಮೊದಲಾದ ಊರುಗಳ ಭಾರತೀಯ ಕಾನ್ಸುಲ್ ಕಚೇರಿಗಳ ಅಧಿಕಾರಿಗಳು ಇದಕ್ಕೆ ಸಹಿಮಾಡಿಕೊಡುತ್ತಾರೆ. ಮಿತ್ರರು ಮಗನ ಕೆಲಸವನ್ನು ಒಂದು ದಿನ ಕೆಡಿಸಿ, ಐದು ಗಂಟೆ ಕಾರಿನಲ್ಲಿ ಹೋಗಿ ಸಹಿ ಮಾಡಿಸಿದರು. ಬಳಿಕ ಅದನ್ನು ಕಾರ್ಖಾನೆಯ ಹಳೆಯ ವಿಳಾಸಕ್ಕೆ ಕಳುಹಿಸಿಬಿಟ್ಟರು! ಕೊಡುವವರು ಕಾರ್ಖಾನೆಯವರೆಂಬ ಭ್ರಾಂತಿ. ಪತ್ರವು ಸಲ್ಲಬೇಕಾದಲ್ಲಿಗೆ ಸಲ್ಲದೆ ಎಂಟು ತಿಂಗಳು ವೇತನವು ನಿಂತುಹೋಯಿತು. ಮುಂದೆ ಸರಿಯಾದ ಪತ್ರ ಸೇರಿದಾಗ ನಿಂತ ಹಣವೆಲ್ಲ ಒಟ್ಟಿಗೆ ಬಂದಿತಾದರೂ, ಆ ಎಂಟು ತಿಂಗಳು ಅವರಿಗೆ ನಿದ್ರೆ ಸರಿಯಾಗಿ ಬರಲಿಲ್ಲವಂತೆ. “ಸರ್ಕಾರದ ಪುಸ್ತಕದಲ್ಲಿ ನಾನು ಸತ್ತಿದ್ದೆ ಮೇಷ್ಟ್ರೆ” ಎಂದರು.

ಇನ್ನೊಂದು ತೊಡಕು ಬ್ಯಾಂಕಿನದು. ಈ ವೇತನವು ಭಾರತದ ಬ್ಯಾಂಕಿನ ಖಾತೆಗೇ ಜಮೆಯಾಗುತ್ತದೆ. 2025ರ ಜನವರಿಯಿಂದ ದೇಶದ ಯಾವ ಬ್ಯಾಂಕಿನ ಯಾವ ಶಾಖೆಯಿಂದಲಾದರೂ ಅದನ್ನು ಪಡೆಯುವ ಏರ್ಪಾಡಾಗಿದೆ. ಆದರೆ ಇಂತಿಷ್ಟು ಕಾಲವೆಂದು ಹೇಳಲಾಗದಂತೆ ವಿದೇಶದಲ್ಲಿ ನೆಲಸಹೋದವನು 1999ರ ವಿದೇಶೀ ವಿನಿಮಯದ ಕಾಯಿದೆಯಂತೆ ಅನಿವಾಸಿಯಾಗುತ್ತಾನೆ. ಅವನು ಬ್ಯಾಂಕಿಗೆ ತಿಳಿಸಿ ತನ್ನ ಸಾಮಾನ್ಯ ಖಾತೆಯನ್ನು ಎನ್.ಆರ್.ಓ. ಖಾತೆಯಾಗಿ ಮಾರ್ಪಡಿಸಿಕೊಳ್ಳಬೇಕು. ಪೆನ್ಷನ್ನು, ಮನೆಬಾಡಿಗೆ ಮುಂತಾದ ಇಲ್ಲಿಯ ಆದಾಯವೆಲ್ಲ ಅದಕ್ಕೆ ಬಂದು ಸೇರಬಹುದು. ತೆರಿಗೆ ಕಳೆದು ಉಳಿದುದನ್ನು ಹೊರಗೆ ತರಿಸಿಕೊಳ್ಳಲೂ ಬಹುದು. ಆ ಖಾತೆಯ ಬಡ್ಡಿಯಿಂದ ಸಾಮಾನ್ಯವಾಗಿ ನೂರಕ್ಕೆ ಮೂವತ್ತಕ್ಕೆ ಕಡಿಮೆಯಿಲ್ಲದಂತೆ ತೆರಿಗೆ ಹಿಡಿಯುತ್ತಾರೆಂಬುದನ್ನು ಮರೆಯಬಾರದು. ಒಂದೇ ಆದಾಯಕ್ಕೆ ಎರಡು ದೇಶಗಳೂ ತೆರಿಗೆ ಹಾಕದಂತೆ ಭಾರತ ಅಮೆರಿಕಗಳು 1989ರಲ್ಲಿ ಒಪ್ಪಂದ ಮಾಡಿಕೊಂಡಿವೆ. ಅದರಂತೆ ಖಾಸಗಿ ಪೆನ್ಷನ್ನಿಗೆ ವಾಸಿಸುವ ದೇಶವೂ ಸರ್ಕಾರಿ ಪೆನ್ಷನ್ನಿಗೆ ಸಾಮಾನ್ಯವಾಗಿ ಕೊಡುವ ದೇಶವೂ ತೆರಿಗೆ ವಿಧಿಸತಕ್ಕವು. ಯಾವುದು ಯಾವ ವರ್ಗಕ್ಕೆ ಸೇರಿತೆಂಬುದು ಸೂಕ್ಷ್ಮವಾದ ಪ್ರಶ್ನೆಯಾದುದರಿಂದ ಲೆಕ್ಕಪರಿಶೋಧಕರನ್ನು ಕೇಳಿಯೇ ಮುಂದುವರಿಯುವುದು ಕ್ಷೇಮ. ಮಿತ್ರರು ಮೂವತ್ತು ವರ್ಷ ಪರರ ಲೆಕ್ಕ ಬರೆದವರು. ತಮ್ಮ ಲೆಕ್ಕದಲ್ಲಿ ಮಾತ್ರ ಎಡವಿದ್ದರು.

ಸಂಜೆ ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಕುಳಿತೆವು. ನೀರಿನಲ್ಲಿ ಬೆಟ್ಟದ ನೆರಳು ಮುರಿದು ಮುರಿದು ಕೂಡುತ್ತಿತ್ತು. ಅನಂತರ ಚೆಲುವನಾರಾಯಣನ ದರ್ಶನಕ್ಕೆ ಹೋದೆವು. ಅಲ್ಲಿ ರಾಮಾನುಜರ ವಿಗ್ರಹದ ಮುಂದೆ ಮಿತ್ರರು ಬಹಳ ಹೊತ್ತು ನಿಂತರು. ಚೋಳದೇಶವನ್ನು ಬಿಟ್ಟು ಬಂದ ಆಚಾರ್ಯರು ಇಲ್ಲಿ ಹನ್ನೆರಡು ವರ್ಷ ನೆಲಸಿದ್ದರೆಂದೂ, ಶ್ರೀರಂಗಕ್ಕೆ ಮರಳಿ ಹೊರಟಾಗ ಶಿಷ್ಯರು ಅಗಲಿಕೆಯನ್ನು ಸಹಿಸಲಾರದೆ ಹೋದುದರಿಂದ ತಮ್ಮ ಮೂರ್ತಿಯೊಂದನ್ನು ಮಾಡಿಸಿ ಇಟ್ಟುಹೋದರೆಂದೂ ಸಂಪ್ರದಾಯವು ಹೇಳುತ್ತದೆ. ತಮ್ಮವರು ಮೆಚ್ಚಿದ ತಿರುಮೇನಿಯೆಂದು ಅದಕ್ಕೆ ಹೆಸರು. ಸಂಸ್ಕೃತದಲ್ಲಿ ಪ್ರವಾಸವೆಂದರೆ ಮನೆಯನ್ನು ಬಿಟ್ಟು ಬೇರೆಡೆ ವಾಸಮಾಡುವುದು; ವೃತ್ತಿಯೆಂದರೆ ಕಸುಬೂ ಹೌದು, ಜೀವನಕ್ಕಾಗಿ ಬಿಟ್ಟ ಮಾನ್ಯವೂ ಹೌದು. ಪ್ರವಾಸಿಯಾದವನ ವೃತ್ತಿ ಯಾವ ಊರಿಗೆ ಸೇರಿದುದು? ಎರಡೂರಿಗೂ ಸೇರಿದವರು ಒಂದೂರಿನಲ್ಲಿ ಮೈಯಿಂದ, ಒಂದೂರಿನಲ್ಲಿ ಗುರುತಿನಿಂದ ಇರಬೇಕಾಗುತ್ತದೆಯೆಂದು ನಮಗೆ ತೋರಿತು. ಮಿತ್ರರೊಡನೆ ಏನನ್ನೂ ಹೇಳಲಿಲ್ಲ.

ರಾತ್ರಿ ಮನೆಯ ವಿಚಾರ ಬಂದಿತು. ಕೊಳ್ಳುವವರೊಬ್ಬರು ಮುಂಗಡ ಕೊಡಲು ಸಿದ್ಧರಾಗಿದ್ದರು. ಮಾರಿಬಿಟ್ಟರೆ ರಿಪೇರಿಯ ಖರ್ಚಿಲ್ಲ, ಬೀಗದ ಕೈಯ ಚಿಂತೆಯಿಲ್ಲ, ಪೆನ್ಷನ್ನಿಗಾಗಿ ಓಡಾಟವೂ ಬೇಡವೆಂದು ಮಿತ್ರರು ವಾದಿಸಿದರು. ನಾವು ಅವರ ಪತ್ನಿಯವರ ಕಡೆಗೆ ತಿರುಗಿ, “ಅಮ್ಮಾ, ದೇವರು ನೂರು ವರ್ಷ ಆಯುಸ್ಸು ಕೊಡಲಿ. ಆದರೂ ಕೇಳುತ್ತೇನೆ: ಇವರಿಲ್ಲದ ದಿನ ನಿಮಗೆ ಈ ವೇತನದ ಅರ್ಧ ಬರುತ್ತದೆಂಬುದು ಗೊತ್ತೆ? ಕಾಗದ ಎಲ್ಲಿದೆ ಗೊತ್ತೆ?” ಎಂದು ಕೇಳಿದೆವು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಚೀಲ ಗೊತ್ತು. ಚೀಲದೊಳಗೆ ಏನಿದೆಯೋ ಗೊತ್ತಿಲ್ಲ. ಇವರು ಹೇಳಿಲ್ಲ, ನಾನು ಕೇಳಿಲ್ಲ” ಎಂದರು. ಬಳಿಕ ಪತಿಯ ಕಡೆ ನೋಡದೆಯೇ ಹೇಳಿದರು: “ಮಗ ಕೇಳಿದಷ್ಟು ಕೊಡ್ತಾನೆ. ಆದರೆ ಕೇಳಬೇಕು. ದೇವಸ್ಥಾನಕ್ಕೆ ದೀಪದ ಎಣ್ಣೆಗೆ ಅಂತ ಕೊಟ್ಟರೆ, ತಂಗಿ ಮಗಳಿಗೆ ಪುಸ್ತಕಕ್ಕೆ ಅಂತ ಕೊಟ್ಟರೆ, ಯಾರನ್ನೂ ಕೇಳದೆ ಕೊಡೋದು ಈ ದುಡ್ಡೊಂದನ್ನೇ. ಹಾಗೇ ಯಾರನ್ನೂ ಕೇಳದೆ ಬಾಗಿಲು ತೆಗೆದು ಒಳಗೆ ಬರೋದು ಈ ಮನೆ ಒಂದಕ್ಕೇ. ಎರಡೂ ಹೋದ ಮೇಲೆ ನಾನು ಎಲ್ಲಿಯವಳು?”

ಮಿತ್ರರು ಉತ್ತರ ಕೊಡಲಿಲ್ಲ. ಎದ್ದುಹೋಗಿ ಒಂದು ನೋಟುಪುಸ್ತಕವನ್ನು ತಂದು, ದೀಪದ ಬಳಿ ಕುಳಿತು, ಪೆನ್ಷನ್ ಆದೇಶದ ಸಂಖ್ಯೆ, ಖಾತೆಯ ಸಂಖ್ಯೆ, ಸಲ್ಲಿಸಬೇಕಾದ ಕಚೇರಿಯ ವಿಳಾಸ, ಜೀವಿತಪತ್ರದ ಕೊನೆಯ ದಿನ, ತಾವು ತೀರಿಕೊಂಡರೆ ತಿಳಿಸಬೇಕಾದವರು ಯಾರೆಂಬುದನ್ನು ಕನ್ನಡದಲ್ಲಿ ದಪ್ಪಕ್ಷರಗಳಿಂದ ಬರೆದರು. ಆಕೆ ಒಂದೊಂದನ್ನೂ ಗಟ್ಟಿಯಾಗಿ ಓದಿದರು; ತಪ್ಪಿದ ಒಂದು ಅಂಕಿಯನ್ನು ಆಕೆಯೇ ಹಿಡಿದು ತಿದ್ದಿಸಿದರು. ನಾವು ಕಂಡ ಪಾಠಗಳಲ್ಲಿ ಇದಕ್ಕಿಂತ ಉಪಯುಕ್ತವಾದುದು ವಿರಳ.

ಮರುದಿನ ಬೆಳಗ್ಗೆ ಅಂಚೆಯವರು ಮನೆಗೇ ಬಂದರು. 2014ರ ನವೆಂಬರ್ 10ರಂದು ಆರಂಭವಾದ ಜೀವನ್ ಪ್ರಮಾಣವೆಂಬ ಏರ್ಪಾಡಿನಿಂದ ಆಧಾರ್ ಸಂಖ್ಯೆಯ ಮೂಲಕ ಈ ಪತ್ರವನ್ನು ಸಲ್ಲಿಸಬಹುದು. 2021ರಿಂದ ಬೆರಳ ಗುರುತಿನ ಬದಲು ಮುಖವನ್ನೇ ತೋರಿಸಿದರೂ ಸಾಕು. ಮಿತ್ರರು ನಾಮವನ್ನು ತಿದ್ದಿಕೊಂಡು ಫೋನಿನ ಮುಂದೆ ಗಂಭೀರವಾಗಿ ಕುಳಿತರು. “ಸ್ವಾಮಿ, ಕಣ್ಣು ಮಿಟುಕಿಸಬೇಕು, ಇಲ್ಲದಿದ್ದರೆ ಅದಕ್ಕೆ ಜೀವ ಇದೆ ಅಂತ ತಿಳಿಯೋದಿಲ್ಲ” ಎಂದು ಅಂಚೆಯವರೆಂದಾಗ ಎಲ್ಲರಿಗೂ ನಗು ಬಂದಿತು. ಮಿಟುಕಿಸಿದರು, ಕೆಲಸ ಮುಗಿಯಿತು. “ವೈರಮುಡಿಯೂ ಹೀಗೇ ಅಲ್ಲವೆ ಮೇಷ್ಟ್ರೆ?” ಎಂದರು ಮಿತ್ರರು. “ವರ್ಷವೆಲ್ಲ ಮಂಡ್ಯದ ಖಜಾನೆಯಲ್ಲಿ ಇರುತ್ತೆ, ಫಾಲ್ಗುಣದಲ್ಲಿ ಒಂದು ರಾತ್ರಿ ಬಂದು ತಾನಿದ್ದೇನೆ ಅಂತ ತೋರಿಸಿ ಹೋಗುತ್ತೆ. ಅಷ್ಟಕ್ಕೇ ಊರೆಲ್ಲ ಕಾದಿರುತ್ತೆ.”

ನಾವು ಹೊರಡುವ ಹೊತ್ತಿಗೆ ಬಡಗಿಯೊಬ್ಬನು ಬಂದು ಗೆದ್ದಲು ಹತ್ತಿದ ತೊಲೆಯನ್ನು ಅಳೆಯುತ್ತಿದ್ದನು. ಪತ್ನಿಯವರು ಪುಳಿಯೋಗರೆಯ ಗೊಜ್ಜನ್ನು ಒಂದು ಡಬ್ಬಿಯಲ್ಲಿ ತುಂಬಿ ಕೊಟ್ಟರು. ಹೀಗೆ ನಮ್ಮ ಲೇಖನವೂ ವಾಡಿಕೆಯಂತೆ ಪುಳಿಯೋಗರೆಯಲ್ಲಿಯೇ ಮುಗಿಯುವಂತಾಯಿತು. ವಾಚಕರಲ್ಲಿ ಮಕ್ಕಳೊಡನೆ ವಿದೇಶದಲ್ಲಿ ನೆಲಸಹೊರಡುವವರಿದ್ದರೆ, ಪೆಟ್ಟಿಗೆಗೆ ಬೀಗ ಹಾಕುವ ಮುನ್ನ ಚೀಲವನ್ನು ಬಿಚ್ಚಿ ಮನೆಯವರಿಗೆ ಒಮ್ಮೆ ಓದಿಸಬೇಕೆಂಬುದೊಂದೇ ನಮ್ಮ ವಿಜ್ಞಾಪನೆ.